ಹನಿ ತಪ್ಪದ ಒರಳು

ಅಮರೇಶನ ಕಷ್ಟಕ್ಕೆಲ್ಲ ಕಾರಣ ಒಂದು ಹನಿ. ಕಣ್ಣೀರಿನದಲ್ಲ, ಕಡಲೆಕಾಯಿ ರಸದ್ದು.

ಲಷ್ಕರ್ ಮೊಹಲ್ಲಾದಲ್ಲಿ ರಾಮಸ್ವಾಮಿಯವರು ನಡೆಸುತ್ತಿದ್ದ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಅವನು ಟೆಕ್ನೀಷಿಯನ್. ಮಂಡಿಯವರು ಮೂಟೆಯಿಂದ ಒಂದಿಷ್ಟು ಕಡಲೆಕಾಯಿ ತಂದುಕೊಟ್ಟರೆ, ಅದನ್ನು ಅರೆದು, ಸೋಸಿ, ಬೂಷ್ಟಿನ ವಿಷ ಎಷ್ಟಿದೆ ಎಂದು ನೋಡಿ ಹೇಳುವುದು ಅವನ ಕೆಲಸ. ಪಾಸಾದರೆ ಮೂಟೆ ಹಡಗು ಹತ್ತುತ್ತದೆ, ಫೇಲಾದರೆ ಮಂಡಿಯಲ್ಲೇ ಕೂರುತ್ತದೆ. ಪರೀಕ್ಷೆಗೆಂದು ಅಳಗುಳಿ ಮಣೆಯ ಮರಿಯಂಥ ಒಂದು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಬಟಾಣಿ ಗಾತ್ರದ ಗುಳಿಗಳು. ಪಿಪೆಟ್ ಎಂಬ ಕೊಳವೆಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಗುಳಿಗೊಂದರಂತೆ ಹನಿ ಬಿಡಬೇಕು. ಎಲ್ಲಾ ಹನಿಯೂ ಒಂದೇ ಅಳತೆ ಇರಬೇಕು. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿತ್ತೋ, ಲೆಕ್ಕವೆಲ್ಲ ಎಕ್ಕುಟ್ಟಿಹೋಯಿತು.

ಒಬ್ಬನೇ ಇದ್ದಾಗ ಅಮರೇಶನ ಹೆಬ್ಬೆರಳು ಬಲು ಸಾಧು. ಆದರೆ ರಾಮಸ್ವಾಮಿಯವರು ಅವನನ್ನು ಒಬ್ಬನೇ ಇರಲು ಎಲ್ಲಿ ಬಿಡುತ್ತಿದ್ದರು? ಬೆನ್ನ ಹಿಂದೆ ಬಂದು ನಿಂತು "ಎಲ್ಲೀವರ್ಗೂ ಬಂತು?" ಎಂದು ಗಂಟಲು ಸರಿಮಾಡಿಕೊಂಡರೆ ಮುಗಿಯಿತು. ಕೈ ನಡುಗಿ ಒಂದು ಗುಳಿಗೆ ಎರಡೂಟ, ಪಕ್ಕದ್ದಕ್ಕೆ ಉಪವಾಸ. ನಡುಗದೆ ಏನು ಮಾಡೀತು? ಸೇರಿದ ದಿನದಿಂದ ಅವನು ಟೆಂಪರರಿ. ಖಾಯಂ ಆರ್ಡರ್ ಇಲ್ಲದವನಿಗೆ ವಿಜಯನಗರದ ಸೈಟಿಗೆ ಸಾಲ ಕೊಡುವುದಿರಲಿ, ಬ್ಯಾಂಕಿನವರು ಕೂತ್ಕೊಳ್ಳಿ ಅಂತಲೂ ಅನ್ನುತ್ತಿರಲಿಲ್ಲ. ಹೆಂಡತಿ ಬಿಂದುಶ್ರೀಯೋ, ಆ ಇಲ್ಲದ ಸೈಟಿನ ಇಲ್ಲದ ಅಡುಗೆಮನೆಯಲ್ಲಿ ಮಿಕ್ಸಿ ಎಲ್ಲಿಡಬೇಕು ಎಂಬುದನ್ನೂ ನಿಶ್ಚಯ ಮಾಡಿಕೊಂಡಿದ್ದಳು.

ಹೀಗಿರುವಾಗ ಕಡಲೆಕಾಯಿ ಮಂಡಿಯ ಜವರಪ್ಪ ಬಂದು ರಾಮಸ್ವಾಮಿಯವರ ಮೇಜು ಗುದ್ದಿದ. ಅವನು ಮಂಡಿ ವರ್ತಕರಿಗೆಲ್ಲ ಯಜಮಾನ.

"ಏನ್ ಸ್ವಾಮಿ ನಿಮ್ ಲ್ಯಾಬು? ಒಂದೇ ಮೂಟೆ, ಬೆಳಗ್ಗೆ ಒಂದ್ ಯೋಳ್ತೀರಿ, ಸಂಜೀಕೆ ಇನ್ನೊಂದ್ ಯೋಳ್ತೀರಿ. ಒಂದ್ ಮಾತಲ್ಲಿ ನಿಂತ್ಕಳಕ್ಕಾಗಕಿಲ್ವಾ?"

ರಾಮಸ್ವಾಮಿಯವರ ಮುಖ ಕೆಂಪಾಯಿತು. "ಸೋಮವಾರ ಬನ್ನಿ ಯಜಮಾನ್ರೇ. ಒಂದೇ ಕಾಯಿಗೆ ನಿಮ್ಮೆದುರಿಗೇ ಮೂರು ಸಲ ಪರೀಕ್ಷೆ ಮಾಡಿಸ್ತೀನಿ. ಅಮರೇಶ್, ಮೂರಕ್ಕೂ ಒಂದೇ ಉತ್ತರ ಬಂತೋ, ಅವತ್ತೇ ನಿಮಗೆ ಖಾಯಂ ಆರ್ಡರ್ರು. ಬರ್ಲಿಲ್ವೋ, ಮಂಗಳವಾರದಿಂದ ನೀವು ಬರೋದು ಬೇಡ."

ತಾನಾಗಿ ಹನಿ ಬಿಡುವ ಯಂತ್ರಗಳು ಫಾರಿನ್ನಿನಲ್ಲಿದ್ದವು. ಅಂಥದೊಂದನ್ನು ಕೊಳ್ಳಲು ಲ್ಯಾಬನ್ನೇ ಮಾರಬೇಕಿತ್ತು. ಅಮರೇಶ ತಲೆ ಕೆಡಿಸಿಕೊಂಡು ಓಡಾಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಎದುರುಮನೆ ವಸಂತಮ್ಮನವರ ಚಕ್ಕುಲಿ ಒರಳು. ತಿರುಪಿನ ಒರಳು. ಹಿಡಿ ತಿರುಗಿಸಿದಷ್ಟೇ ಹಿಟ್ಟು ಇಳಿಯುತ್ತದೆ, ತಿರುಗಿಸುವವರು ಯಾರೇ ಆಗಲಿ, ಅವರ ಬೆನ್ನ ಹಿಂದೆ ಯಾರೇ ನಿಂತಿರಲಿ. ಅವನಿಗೆ ಅಳುವಷ್ಟು ಸಂತೋಷವಾಯಿತು. "ಚಕ್ಕುಲಿ ಮಾಡ್ಬೇಕು" ಎಂದು ಸುಳ್ಳು ಹೇಳಿಸಿ ಬಿಂದುಶ್ರೀಯ ಕೈಲಿ ಅದನ್ನು ಎರವಲು ತರಿಸಿದ. ಮರದ ಚೌಕಟ್ಟಿಗೆ ಒರಳನ್ನು ಬಿಗಿದು, ತಿರುಪು ಪಿಪೆಟ್ಟಿನ ತಲೆಯನ್ನು ಒತ್ತುವಂತೆ ಮಾಡಿದ. ಕಾಲು ಸುತ್ತಿಗೊಮ್ಮೆ ಟಕ್ ಎನ್ನುವಂತೆ ಒಂದು ಹಲ್ಲು ಕೂರಿಸಿದ. ಒಂದು ಟಕ್ಕಿಗೆ ಒಂದು ಹನಿ. ಗುಳಿ ತಪ್ಪದಿರಲೆಂದು ಬಿಸ್ಕತ್ತು ಡಬ್ಬದ ತಗಡಿಗೆ ಒಂದೇ ಒಂದು ತೂತು ಕೊರೆದು ತಟ್ಟೆಯ ಮೇಲಿಟ್ಟ. ತೂತಿನಲ್ಲಿ ಕಂಡ ಗುಳಿಗೆ ಮಾತ್ರ ಊಟ.

ಸೋಮವಾರ ಬೆಳಗ್ಗೆ ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅಗ್ರಹಾರದ ಮನೆಯ ಹೊಸಿಲು ದಾಟಿದರೆ, ಎದುರು ಜಗಲಿಯಲ್ಲಿ ಸಾಕ್ಷಾತ್ ವಸಂತಮ್ಮ.

"ಏನಪ್ಪಾ ಅಮರೇಶ, ಒರಳು ಇಸ್ಕೊಂಡು ಒಂದು ವಾರ ಆಗ್ತಾ ಬಂತು, ನಿಮ್ಮನೆ ಕಡೆಯಿಂದ ಎಣ್ಣೆ ವಾಸ್ನೇನೇ ಬರ್ಲಿಲ್ವಲ್ಲ? ಅದೇನು ಚೀಲದಲ್ಲಿ, ಭಾರವಾಗಿದೆ?"

"ಸ್ಟೌ ವಸಂತಮ್ಮೋರೆ. ರಿಪೇರಿಗೆ ಕೊಡ್ಬೇಕು. ಸ್ಟೌ ಕೆಟ್ಟಿದ್ದಕ್ಕೇ ಚಕ್ಕುಲಿ ತಡ ಆಯ್ತು," ಎಂದ ಅಮರೇಶ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಆಟೋ ಹತ್ತಿದ.

ವಸಂತಮ್ಮನವರ ಕರುಣೆಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಲ್ಯಾಬಿನಲ್ಲಿ ಜವರಪ್ಪ ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಮರೇಶ ಒರಳಿಗೆ ಕಪ್ಪು ಬಟ್ಟೆಯ ಅಂಗಿ ತೊಡಿಸಿ ಹಿಡಿಯನ್ನು ಮಾತ್ರ ಹೊರಗೆ ಬಿಟ್ಟಿದ್ದ. ರಾಮಸ್ವಾಮಿಯವರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಜರ್ಮನ್ ಡಿಸೈನು ಇದ್ದ ಹಾಗಿದೆ," ಎಂದರು.

"ಸ್ವಲ್ಪ ಅದೇ ಥರ ಸಾರ್."

ಟಕ್. ಟಕ್. ಟಕ್. ರಾಮಸ್ವಾಮಿಯವರು ಬೆನ್ನ ಹಿಂದೆ, ಜವರಪ್ಪ ಪಕ್ಕದಲ್ಲಿ. ಅಮರೇಶನ ಕೈ ಎಂದಿನಂತೆ ನಡುಗಿತು, ಆದರೆ ಒರಳಿಗೆ ಯಾವ ನೌಕರಿಯ ಚಿಂತೆ? ಅದು ನಡುಗಲಿಲ್ಲ. ವಿಷ ಅಳೆಯುವ ಮೀಟರಿನಲ್ಲಿ ಮೊದಲ ಸುತ್ತಿನ ಅಂಕಿ ಬಂತು. ಕಾಫಿ ಕುಡಿದು ಎರಡನೆಯದು ಹಾಕಿದರು. ಮೀಟರು ಅದೇ ಅಂಕಿ ತೋರಿಸಿತು. ರಾಮಸ್ವಾಮಿಯವರು ಮೊಟ್ಟಮೊದಲ ಬಾರಿಗೆ ಅವನ ಭುಜ ತಟ್ಟಿದರು.

ಮೂರನೆಯ ಸುತ್ತು ಅರ್ಧ ಮುಗಿದಿತ್ತು. ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು.

"ಎಲ್ಲೇ ನನ್ನ ಒರಳು?"

ಮುಂದೆ ವಸಂತಮ್ಮ, ಹಿಂದೆ ಮುಖ ಬಾಡಿಸಿಕೊಂಡ ಬಿಂದುಶ್ರೀ. ಆದದ್ದು ಇಷ್ಟು: ಪಾಪ, ಸ್ಟೌ ಇಲ್ಲದೆ ಹುಡುಗಿ ಏನು ಮಾಡುತ್ತಾಳೆ ಎಂದು ವಸಂತಮ್ಮ ತಮ್ಮ ಸ್ಟೌ, ಬಾಣಲೆ, ಕಲಸಿದ ಹಿಟ್ಟು ಎಲ್ಲ ಹೊತ್ತುಕೊಂಡು ಮನೆಗೇ ಬಂದಿದ್ದರು. "ಒರಳು ತಗಿಯೇ, ಇಬ್ರೂ ಸೇರಿ ಮಾಡಿ ಮುಗಿಸ್ಬುಡಣ" ಎನ್ನುವ ಹೊತ್ತಿಗೆ ಒಳಗೆ ಗ್ಯಾಸಿನ ಮೇಲಿದ್ದ ಹಾಲು ಉಕ್ಕಿ, ಸ್ಟೌ ಚೆನ್ನಾಗಿಯೇ ಇದೆ ಎಂದು ಸಾಕ್ಷಿ ಹೇಳಿತ್ತು. ಒರಳು ಲ್ಯಾಬಿಗೆ ಹೋಗಿದೆ ಎಂದು ಒಪ್ಪಿಕೊಳ್ಳದೆ ಬಿಂದುಶ್ರೀಗೆ ಬೇರೆ ದಾರಿಯಿರಲಿಲ್ಲ.

ವಸಂತಮ್ಮ ನೆಟ್ಟಗೆ ಹೋಗಿ ಕಪ್ಪು ಬಟ್ಟೆ ಎಳೆದರು. ಹಿತ್ತಾಳೆ ಒರಳು ಫಳಫಳ ಹೊಳೆಯಿತು.

"ಅಯ್ಯಯ್ಯೋ, ನಮ್ಮ ತೌರುಮನೆಯೋರು ಕೊಟ್ಟಿದ್ದು ಕಣ್ರೀ ಇದು! ಇದಕ್ಕೆ ಕೊಳವೆ ಸಿಗಿಸ್ಬುಟ್ಟಿದ್ದೀಯಲ್ಲೋ ಅಮರೇಶ!"

"ಜರ್ಮನ್ ಅಂದ್ರಿ?" ಎಂದು ರಾಮಸ್ವಾಮಿಯವರು ತಿರುಗಿದರು.

"ನೀವೇ ಅಂದದ್ದು ಸಾರ್."

"ಥೂ, ಎಲ್ಲಾರ ಉಂಟಾ! ಚಕ್ಲಿ ಒರಳಲ್ಲೇನಾ ನನ್ ಕಾಯಿಗೆ ಪರೀಕ್ಸೆ ಮಾಡ್ತಿರಾದು?" ಎಂದು ಜವರಪ್ಪ ಎದ್ದು ನಿಂತ.

ವಸಂತಮ್ಮ ಒರಳಿನ ಒಂದು ಕಿವಿ ಹಿಡಿದರು. ಅಮರೇಶ ಇನ್ನೊಂದು ಕಿವಿ ಹಿಡಿದ. ಅವನ ಕಣ್ಣಲ್ಲಿ ನೀರು ತುಂಬಿತು. "ವಸಂತಮ್ಮೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ಸುತ್ತು ಮುಗೀಲಿ. ನನ್ನ ನೌಕರಿ ಇದರಲ್ಲೇ ಇದೆ."

ವಸಂತಮ್ಮ ಕರಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಮೊದ್ಲೇ ಅನ್ಬಾರ್ದಾ ಮಂಕೆ? ಮುಗಿಸು. ಆದ್ರೆ ನಾನು ಕೈ ಬಿಡಲ್ಲ," ಎಂದು ಸ್ಟೂಲು ಎಳೆದುಕೊಂಡು ಚೌಕಟ್ಟಿನ ಕಾಲು ಹಿಡಿದೇ ಕೂತರು. ಹಾಗೆ, ಒಂದು ಕಡೆ ಒಡತಿ, ಹಿಂದೆ ಧಣಿ, ಪಕ್ಕದಲ್ಲಿ ಗಿರಾಕಿ, ಬಾಗಿಲಲ್ಲಿ ಬಾಡಿಗೆ ಕೇಳುತ್ತಿದ್ದ ಆಟೋದವನು, ಇಷ್ಟು ಜನರ ನಡುವೆ ಅಮರೇಶ ಉಳಿದ ಗುಳಿಗಳನ್ನು ತುಂಬಿದ. ಮೀಟರು ನೋಡಿದರು.

ಅದೇ ಅಂಕಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಬಿಂದುಶ್ರೀ ಎಲ್ಲರೆದುರಿಗೇ ಗಂಡನ ತೋಳು ಹಿಡಿದುಕೊಂಡಳು. ರಾಮಸ್ವಾಮಿಯವರು ಎದೆಯುಬ್ಬಿಸಿ ಜವರಪ್ಪನ ಕಡೆ ತಿರುಗಿದರು. "ನೋಡಿದ್ರಾ ಯಜಮಾನ್ರೇ? ಮೂರು ಸಲ, ಒಂದೇ ಮಾತು!"

"ಊ ಕಣ್ ಸ್ವಾಮಿ, ಒಪ್ದೆ. ಅದ್ಸರಿ, ನನ್ ಕಾಯಿ ಏನಾಯ್ತು?"

"ಫೇಲು."

"ಅಂಗಾರೆ ಇನ್ನೊಂದಪ ಹಾಕಿ."

"ಹತ್ತು ಸಲ ಹಾಕಿದ್ರೂ ಫೇಲೇ," ಎಂದ ಅಮರೇಶ ಹೆಮ್ಮೆಯಿಂದ.

ಜವರಪ್ಪ ಅವನನ್ನೇ ದಿಟ್ಟಿಸಿದ. "ಮೊದ್ಲೆಲ್ಲ ಎರಡ್ನೇ ಸಲಕ್ಕೋ ಮೂರ್ನೇ ಸಲಕ್ಕೋ ಪಾಸಾಗದಲ್ಲಪ್ಪಾ? ಅದಕ್ಕೇ ಅಲ್ವಾ ನಾವೆಲ್ಲಾ ಇಲ್ಲೀಗ್ ಬಂದು, ಸಲಸಲಕ್ಕೂ ಫೀಸ್ ಕೊಡ್ತಿದ್ದದ್ದು? ಒಂದೇ ಸಲಕ್ಕೆ ಪಾಸಾಗೋ ಅಂಗೆ ಒಂದ್ ಮಾತಲ್ ನಿಂತ್ಕಳಿ ಅಂದ್ರೆ, ಫೇಲಲ್ಲಿ ನಿಂತ್ಕಬುಟ್ರಲ್ಲ! ಬುಡಿ, ಆ ಕಡೆ ರಸ್ತೇಲಿ ಇನ್ನೊಂದ್ ಲ್ಯಾಬೈತೆ. ಅಲ್ಲಿ ಹುಡ್ಗ ಹೊಸಬನಂತೆ. ಮಂಡಿಯೋರ್ಗೆಲ್ಲಾ ಅಲ್ಲೀಗೇ ಓಗಿ ಅಂತೀನಿ."

ಕಾಯಿಯ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೇಬಿಟ್ಟ. ರಾಮಸ್ವಾಮಿಯವರು ಕುರ್ಚಿಯಲ್ಲಿ ಕೂತು ಸೂರು ನೋಡಿದರು. ಹೋದ ವರ್ಷ ಲ್ಯಾಬಿಗೆ ಸುಣ್ಣ ಬಳಿಸಿದ್ದು, ಮಗಳು ಲಾಸ್ಯಳಿಗೆ ಸ್ಕೂಟಿ ಕೊಡಿಸಿದ್ದು, ಎಲ್ಲ ಯಾವ ಫೀಸಿನಿಂದ ಎಂದು ಅವರಿಗೆ ಇವತ್ತೇ ಹೊಳೆದಂತಿತ್ತು.

"ಅಮ್ಮಾ," ಎಂದರು ವಸಂತಮ್ಮನವರಿಗೆ, ತುಂಬ ಮೃದುವಾಗಿ, "ನಿಮ್ಮ ಒರಳು ತಗೊಂಡ್ಹೋಗಿ. ಆಟೋ ಬಾಡಿಗೆ ನಾನು ಕೊಡ್ತೀನಿ."

"ಸಾರ್, ದೇವರಾಜ ಮಾರ್ಕೆಟ್ಟಲ್ಲಿ ಹೊಸದೇ ಸಿಗುತ್ತೆ..." ಎಂದ ಅಮರೇಶ.

"ಬೇಡ. ನೀವು ಓಡ್ಹೋಗಿ ಜವರಪ್ಪೋರನ್ನ ಕರ್ಕೊಂಬನ್ನಿ. ನಾಲ್ಕನೇ ಸಲ ಕೈಯಲ್ಲೇ ಹಾಕ್ತೀನಿ ಅನ್ನಿ."

ವಸಂತಮ್ಮ ಒರಳು ಬಿಚ್ಚಿಸಿಕೊಂಡು ಬಿಂದುಶ್ರೀಯ ಜೊತೆ ಆಟೋ ಹತ್ತಿದರು. ಅಮರೇಶ ಕರೆತಂದ. ಕೈಯಲ್ಲೇ ಹಾಕಿದ. ಹನಿ ತಪ್ಪಬಾರದೆಂದು ಹಲ್ಲು ಕಚ್ಚಿ ಕೈ ಬಿಗಿಹಿಡಿದ, ದೇವರಾಣೆಗೂ ಹಿಡಿದ. ಆದರೂ ಒಂದಕ್ಕೆ ಎರಡೂಟ, ಒಂದಕ್ಕೆ ಉಪವಾಸ. ಕಾಯಿ ಪಾಸಾಯಿತು. ಜವರಪ್ಪ ಖುಷಿಯಿಂದ ಚೀಲಕ್ಕೆ ಕೈ ಹಾಕಿ ಇಬ್ಬರಿಗೂ ಒಂದೊಂದು ಹಿಡಿ ಕಡಲೆಕಾಯಿ ಕೊಡಲು ಬಂದ. ರಾಮಸ್ವಾಮಿಯವರು ಪಿತ್ತ ಅಂದರು. ಅಮರೇಶ ಸೋಮವಾರದ ಉಪವಾಸ ಅಂದ.

ಜವರಪ್ಪ ಹೋದ ಮೇಲೆ ಅಮರೇಶ ಕೈಕಟ್ಟಿ ನಿಂತ. ನಾಚಿಕೆಗೆ ತಲೆ ಮೇಲೇಳುತ್ತಿರಲಿಲ್ಲ. ಆದರೂ ಬಿಂದುಶ್ರೀಯ ಮುಖ ನೆನೆದು ಕೇಳಿಯೇಬಿಟ್ಟ.

"ಸಾರ್, ಮೂರು ಸಲಾನೂ ಒಂದೇ ಬಂದಿತ್ತು. ಖಾಯಂ ಆರ್ಡರ್ರು ಇವತ್ತೇ ಅಂದಿದ್ರಿ."

"ಅಂದಿದ್ದೆ ಅಮರೇಶ್. ಕೊಡೋಕೆ ನನಗೇನೂ ಕಷ್ಟ ಇಲ್ಲ," ಎಂದರು ರಾಮಸ್ವಾಮಿಯವರು, ಸ್ವಂತ ಮಗನಿಗೆ ಬುದ್ಧಿ ಹೇಳುವಂತೆ. "ಆದ್ರೆ ಯೋಚ್ನೆ ಮಾಡಿ. ಖಾಯಂ ಆದ್ರೆ ನಿಮ್ಮ ಭಯ ಹೋಗುತ್ತೆ. ಭಯ ಹೋದ್ರೆ ಕೈ ನಡುಗೋದು ನಿಂತ್ಹೋಗುತ್ತೆ. ಆಮೇಲೆ ನಿಮ್ಮನ್ನ ಇಟ್ಕೊಂಡು ನಾನೇನ್ರೀ ಮಾಡ್ಲಿ?"