ನನಗೆ ಕೆಲಸವಿಲ್ಲವೆಂದು ಸಾಬೀತಾದ ಬಗೆ

ಕೆಲಸ ಹುಡುಕುವುದು ಕಷ್ಟ, ಸಿಕ್ಕ ಕೆಲಸ ಉಳಿಸಿಕೊಳ್ಳುವುದು ಇನ್ನೂ ಕಷ್ಟ, ಆದರೆ ಕೆಲಸವಿಲ್ಲ ಎಂದು ತೋರಿಸುವುದರಲ್ಲಿ ಏನು ಮಹಾ ಕಷ್ಟವಿದೆ ಎಂದು ನಾನು ತಿಳಿದಿದ್ದೆ. ಸುಮ್ಮನೆ ಕೂತಿದ್ದರೆ ಆಯಿತು! ಆ ವಿದ್ಯೆಯಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಅಭ್ಯಾಸವಿತ್ತು.

ತಿಪಟೂರಿನ ಹೊರಗೆ ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡಿ ಹೊರಗಡೆಗೆ ಕಳಿಸುವ ಒಂದು ಫ್ಯಾಕ್ಟರಿ ಇತ್ತು. ಅಲ್ಲಿ ನಾನು ಸೂಪರ್‌ವೈಸರ್. ಹೆಂಗಸರು ಸಾಲಾಗಿ ಕೂತು ಕಾಯಿಯ ಕಪ್ಪು ಸಿಪ್ಪೆ ಹೆರೆಯುತ್ತಿದ್ದರು, ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಅವರ ಹಿಂದೆ ಓಡಾಡುತ್ತಿದ್ದೆ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ! ಮಾಲೀಕರಿಗೆ ನಷ್ಟವಾಗಿತ್ತಂತೆ. ಹೆಂಗಸರೆಲ್ಲ ಗೇಟಿನ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಧೈರ್ಯ ಹೇಳಿದವನು ನಾನೇ. "ಅಳಬೇಡಿ ಕಣ್ರಮ್ಮ, ಸಂಬಳದಲ್ಲಿ ವಿಮೆಗೆ ಅಂತ ಹಿಡೀತಿದ್ರಲ್ಲ, ಕೆಲಸ ಹೋದೋರಿಗೆ ಕೆಲವು ತಿಂಗಳು ಭತ್ಯೆ ಕೊಡ್ತಾರೆ. ನಾನು ಮೊದಲು ಹೋಗಿ ಎಲ್ಲಾ ತಿಳ್ಕೊಂಡು ಬತ್ತೀನಿ" ಎಂದೆ. ಅವರೆಲ್ಲ ಒಂದು ವಾರದಲ್ಲಿ ಬೇರೆ ಕಡೆ ಕಾಯಿ ಹೆರೆಯಲು ಸೇರಿಕೊಂಡರು. ನಾನು ಮಾತ್ರ ತಿಳಿದುಕೊಳ್ಳುತ್ತಲೇ ಉಳಿದೆ.

ಆ ಭತ್ಯೆ ನನಗೆ ಬೇಕೇ ಬೇಕಾಗಿತ್ತು. ಬಿಳಿಗೆರೆಯ ನಮ್ಮ ಮನೆಯಲ್ಲಿ ಇರುವುದು ಅವ್ವ ಮತ್ತು ನಾನು. ಅಪ್ಪ ಬಿಟ್ಟುಹೋದ ತೆಂಗಿನ ಮರಗಳು ಚಟ್ನಿಗೆ ಸಾಕು, ಸಂಸಾರಕ್ಕೆ ಸಾಲದು. ಅದರ ಮೇಲೆ ಮೂವತ್ತೆರಡು ತುಂಬಿದ ನನಗೆ ಆಗತಾನೇ ಹೆಣ್ಣು ನೋಡುತ್ತಿದ್ದರು. ಹುಡುಗನಿಗೆ ತೋಟ ಎಷ್ಟಿದೆ ಎಂದು ಕೇಳುವ ಕಾಲ ಹೋಯಿತು. ಈಗೆಲ್ಲ ಮೊದಲ ಪ್ರಶ್ನೆಯೇ "ಕೆಲಸ ಏನು?" ಎಂಬುದು. ಹೀಗಿರುವಾಗ ಫ್ಯಾಕ್ಟರಿ ಮುಚ್ಚಿತು ಎಂದು ಊರಲ್ಲಿ ಬಾಯಿ ಬಿಡಲು ಸಾಧ್ಯವೇ? ಭತ್ಯೆ ಕೈಗೆ ಬರುವವರೆಗೆ, ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗುವವರೆಗೆ, ಗುಟ್ಟು ಹೊಟ್ಟೆಯಲ್ಲೇ ಇರಲಿ ಎಂದು ತೀರ್ಮಾನಿಸಿದೆ. ಅವ್ವನಿಗೂ ಹೇಳಲಿಲ್ಲ. ಪಾಪ, ಎದೆ ಒಡೆದುಕೊಂಡಾಳು!

ಹಾಗಾಗಿ ದಿನಾ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು, ಅವ್ವ ಕಟ್ಟಿದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿ ಹಿಡಿದು ಎಂದಿನ ಬಸ್ಸಿಗೇ ಹೊರಡುತ್ತಿದ್ದೆ. ಬಿಳಿಗೆರೆಯಲ್ಲಿ ನಾನು ಉದ್ಯೋಗಿ, ತಿಪಟೂರಿನಲ್ಲಿ ನಿರುದ್ಯೋಗಿ. ಹಗಲೆಲ್ಲ ಎಲ್ಲಿರುವುದು? ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಯಾರಾದರೂ ನೋಡುತ್ತಾರೆ. ನನ್ನ ಬುದ್ಧಿಗೆ ಒಂದು ಜಾಗ ಹೊಳೆಯಿತು. ಮಾರ್ಕೆಟ್ ಯಾರ್ಡು! ಕೊಬ್ಬರಿ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿರುತ್ತಾರೆ. ಅದರ ಹಿಂದೆ ಕೂತರೆ ದೇವರಿಗೂ ಕಾಣುವುದಿಲ್ಲ. ಭತ್ಯೆ ಕೊಡುವ ಕಚೇರಿಯ ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ, ಚೀಲಕ್ಕೆ ಒರಗಿ, ರೊಟ್ಟಿ ತಿಂದು, ಒಂದು ನಿದ್ದೆ ತೆಗೆದು ಸಂಜೆ ಬಸ್ಸಿಗೆ ಸುಸ್ತಾದವನಂತೆ ಇಳಿಯುತ್ತಿದ್ದೆ.

ಇನ್ನು ಕಚೇರಿಯ ವಿಷಯ. ಅದರ ಹೆಸರು ಹೇಳುವುದಿಲ್ಲ, ಅವರದೇನೂ ತಪ್ಪಿಲ್ಲ, ಎಲ್ಲಾ ನನ್ನ ಹಣೆಬರಹ. ಮೊದಲ ದಿನವೇ ಕಂಪ್ಯೂಟರಿನ ಹುಡುಗಿ ಪುಟ್ಟ ಯಂತ್ರವೊಂದನ್ನು ಮುಂದೆ ತಳ್ಳಿ ಹೆಬ್ಬೆಟ್ಟು ಒತ್ತಲು ಹೇಳಿದಳು. ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ. ಮತ್ತೆ ಕೆಂಪು.

"ಬೆರಳು ಒಣಗಿದೆ ಸರ್. ತಲೆಗೆ ಒರೆಸ್ಕೊಂಡು ಒತ್ತಿ" ಎಂದಳು.

ಹುಡುಗಿ ಬೇರೆ ಊರಿನವಳಿರಬೇಕು. ನಮ್ಮವ್ವ ಮಗನ ತಲೆಗೆ ಗಾಣದ ಕೊಬ್ಬರಿ ಎಣ್ಣೆ ಹಾಕುವ ಪರಿ ಅವಳಿಗೇನು ಗೊತ್ತು! ತಲೆ ಮುಟ್ಟಿದ ಹೆಬ್ಬೆಟ್ಟು ಯಂತ್ರದ ಮೇಲೆ ನಿಲ್ಲಲೇ ಇಲ್ಲ, ಜಾರಿ ಮೇಜಿನ ಆಚೆ ತುದಿಗೆ ಹೋಯಿತು. ಆಮೇಲೆ ಯಂತ್ರ ಯಾರ ಬೆರಳನ್ನೂ ಗುರುತಿಸಲಿಲ್ಲ. ಸಾಲಿನಲ್ಲಿ ನನ್ನ ಹಿಂದಿದ್ದವರೆಲ್ಲ ನನಗೆ ಹಾಕಿದ ಹಿಡಿಶಾಪವನ್ನು ಇಲ್ಲಿ ಬರೆಯುವಂತಿಲ್ಲ.

ಬೆರಳ ಗುರುತು ಹೇಗೋ ಬಂದ ಮೇಲೆ ಫ್ಯಾಕ್ಟರಿಯಿಂದ ಪತ್ರ ಬೇಕೆಂದರು, ಕೆಲಸ ಹೋಗಿದೆ ಎಂದು ಫ್ಯಾಕ್ಟರಿಯವರೇ ಬರೆದು ಸಹಿ ಹಾಕಬೇಕಂತೆ. ಓಡಿದೆ. ಗೇಟಿನಲ್ಲಿ ವಾಚ್‌ಮನ್ ಒಬ್ಬನೇ ಬೀಡಿ ಸೇದುತ್ತ ಕೂತಿದ್ದ.

"ಫ್ಯಾಕ್ಟರಿ ಮುಚ್ಚೈತೆ ಅಂತ ಒಂದು ಪತ್ರ ಬೇಕಿತ್ತಣ್ಣ."

"ಮುಚ್ಚೈತೆ ಅಂತ ಬರ್ದುಕೊಡಕ್ಕೆ ತೆಗೀಬೇಕಲ್ಲಪ್ಪ!" ಎಂದು ಅವನು ಹೊಗೆ ಬಿಟ್ಟ.

ಮಾಲೀಕರನ್ನು ಹುಡುಕಿ, ಕಾಡಿ ಬೇಡಿ ಪತ್ರ ತಂದೆ. ಪತ್ರದಲ್ಲಿ ಮೊಹರು ಇರಲಿಲ್ಲ. ಮೊಹರು ತಂದೆ. ಬ್ಯಾಂಕ್ ಖಾತೆಯಲ್ಲಿ ಲೋಕೇಶ, ಆಧಾರಿನಲ್ಲಿ ಲೋಕೇಶಪ್ಪ. ಅದನ್ನು ಸರಿ ಮಾಡಿಸುವಷ್ಟರಲ್ಲಿ ಮೊದಲು ಕೊಟ್ಟಿದ್ದ ಅರ್ಜಿಯ ಅವಧಿ ಮುಗಿದಿತ್ತು, ಮತ್ತೆ ಮೊದಲಿನಿಂದ ಶುರು. ಫ್ಯಾಕ್ಟರಿಯಲ್ಲಿದ್ದಾಗ ಇಷ್ಟು ದುಡಿದಿದ್ದರೆ ಅದು ಮುಚ್ಚುತ್ತಲೇ ಇರಲಿಲ್ಲವೇನೋ!

ಕೊನೆಗೆ ಎಲ್ಲ ಸರಿಹೋಗಿ ಕಡತ ಸಾಹೇಬರ ಮೇಜಿಗೆ ಬಂತು. ನರೆತ ಮೀಸೆಯ, ಮೆತ್ತನೆ ಮಾತಿನ ಮನುಷ್ಯ. "ನಿಮಗೆ ಬೇರೆ ಕಡೆ ಕೆಲಸ ಇಲ್ಲ ತಾನೇ? ಒಂದ್ಸಲ ಊರಿಗೆ ಬಂದು ನಾಲ್ಕು ಜನರನ್ನ ಕೇಳಬೇಕಾಗುತ್ತೆ" ಎಂದರು.

"ಧಾರಾಳವಾಗಿ ಬನ್ನಿ ಸಾರ್! ಯಾರನ್ನ ಬೇಕಾದ್ರೂ ಕೇಳಿ!" ಎಂದು ಎದೆ ತಟ್ಟಿಕೊಂಡೆ. ಎದೆಯ ಬದಲು ಹಣೆ ತಟ್ಟಿಕೊಂಡಿದ್ದರೆ ಸರಿಯಾಗುತ್ತಿತ್ತು. ಕೆಲಸ ಇಲ್ಲ ಎಂಬ ಸಂಗತಿ ಊರಿಗೇ ಗೊತ್ತಿಲ್ಲವಲ್ಲ ಎಂಬುದು ನನಗೆ ಹೊಳೆದದ್ದು ಬಸ್ಸು ಅರ್ಧ ದಾರಿಗೆ ಬಂದ ಮೇಲೆ. ಹೋಗಲಿ, ಸಾಹೇಬರು ಬರುವ ಮೊದಲು ತಿಳಿಸುತ್ತಾರೆ, ಆಗ ನೋಡಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಅವರು ತಿಳಿಸದೆ ಬಂದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣಿನ ಕಡೆಯವರು ಹುಡುಗನ ಮನೆಗೆ ಕಾಲಿಡುವ ಮೊದಲು ಯಾರಿಗೂ ಹೇಳದೆ ಊರಿಗೆ ಬಂದು, ಟೀ ಅಂಗಡಿಯಲ್ಲಿ ಕೂತು, ಹುಡುಗ ಹೇಗೆ, ಏನು ಕೆಲಸ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಆಗ ಊರವರು ಒಳ್ಳೆಯ ಮಾತು ಆಡಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಅಪ್ಪಣೆ ಕೊಟ್ಟಿದ್ದಾರೆ. ಸಾಹೇಬರು ಒಬ್ಬರೇ ಬಂದಿದ್ದರೂ ಬಚಾವಾಗುತ್ತಿದ್ದೆನೋ ಏನೋ. ಕಚೇರಿಯ ಹಿರಿಯ ಗುಮಾಸ್ತೆ ಅಮ್ಮನವರನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಿದ್ದರು. ನೋಡಿದವರಿಗೆ ಇನ್ನೇನು ಅನುಮಾನ? ಗಂಡ ಹೆಂಡತಿ, ಮಗಳಿಗೆ ಗಂಡು ಹುಡುಕಲು ಬಂದಿದ್ದಾರೆ!

ನಾನು ಆ ದಿನ ಎಂದಿನಂತೆ ಕೊಬ್ಬರಿ ಚೀಲಕ್ಕೆ ಒರಗಿದ್ದೆ. ಸಂಜೆ ಬಸ್ಸಿಳಿದದ್ದೇ ತಡ, ಟೀ ಅಂಗಡಿ ಸಿದ್ದಣ್ಣ ಕುಣಿಯುತ್ತ ಬಂದ.

"ಲೇ ಲೋಕೇಶ, ಕೆಲ್ಸ ಆಯ್ತು ಕಣ್ಲಾ! ಹೆಣ್ಣಿನ ಕಡೆಯೋರು ಬಂದಿದ್ರು!"

"ಯಾರು? ಹೆಂಗಿದ್ರು?"

"ಮೀಸೆ ನರ್ತೈತೆ, ಒಳ್ಳೇ ಜನ. ನಿಂಗೆ ಕೆಲ್ಸ ಐತಾ ಅಂತ ಕೇಳಿದ್ರು. ಐತಾ ಅಂದ್ರೇನು ಸ್ವಾಮಿ, ಅವ್ನು ಓಗಿ ಬೀಗ ತೆಗೆದ್ರೇನೇ ಫ್ಯಾಕ್ಟರಿ ಶುರುವಾಗೋದು ಅಂದೆ!"

ನರೆತ ಮೀಸೆ ಎಂದ ಕೂಡಲೇ ಬಂದವರು ಸಾಹೇಬರೆಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಗಂಗಕ್ಕ ಸೆರಗು ಸಿಕ್ಕಿಸುತ್ತ ಓಡಿಬಂದಳು.

"ಫ್ಯಾಕ್ಟರಿ ಮುಚ್ಚೈತಂತಲ್ಲಮ್ಮ ಅಂತ ಆ ಯಮ್ಮ ನನ್ನೇ ಪರೀಕ್ಷೆ ಮಾಡ್ತಾಳೆ ಕಣೋ! ನಾನು ಬುಡ್ತೀನಾ? ಮುಚ್ಚಿದ್ದು ಹಳೇದು ಕಣಮ್ಮ, ನಮ್ ಲೋಕೇಶಂಗೋಸ್ಕರ ಪಕ್ದಲ್ಲೇ ಹೊಸದು ತೆಗ್ದವ್ರೆ ಅಂದೆ. ಬರ್ಕೊಂಡ್ಲು!"

"ಬರ್ಕೊಂಡ್ರಾ?" ಎಂದೆ.

"ಊಂ ಮತ್ತೆ! ಸಂಬಂಧ ಗಟ್ಟಿ ಅಂತ್ಲೇ ಲೆಕ್ಕ. ಎಳನೀರು ಕೊಟ್ಟೆ, ಕುಡ್ದು ಓದ್ರು."

ಮನೆಗೆ ಹೋದರೆ ಅವ್ವ ಒಲೆ ಮುಂದೆ ಕೂತಿದ್ದಳು. ನಮ್ಮ ಮನೆಗೂ ಬಂದಿದ್ದರಂತೆ. "ದಿನಾ ಡಬ್ಬಿ ಕಟ್ತೀನಿ ಸ್ವಾಮಿ, ಒಂದು ದಿನಾನೂ ತಪ್ಪಿಸಿಲ್ಲ ನನ್ ಮಗ ಅಂದೆ ಕಣಪ್ಪ" ಎಂದು ಹೇಳಿ ರೊಟ್ಟಿ ತಿರುವಿ ಹಾಕಿದಳು. ಕೈಗೆ ಬಂದ ತುತ್ತನ್ನು ಊರೆಲ್ಲ ಸೇರಿ, ಪ್ರೀತಿಯಿಂದ, ಎಳನೀರು ಸಮೇತ ಕಳಿಸಿಕೊಟ್ಟಿತ್ತು.

ಮಾರನೆಯ ದಿನ ಕಚೇರಿಯಲ್ಲಿ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ ಲೋಕೇಶಪ್ಪ, ನಿಮ್ಮ ಹೆಸರಲ್ಲಿ ಹೊಸ ಫ್ಯಾಕ್ಟರಿನೇ ತೆಗೆದಿದಾರಂತಲ್ಲ?"

"ಸುಳ್ಳು ಸಾರ್! ಊರೋರೆಲ್ಲ ಸುಳ್ಳು ಹೇಳಿದಾರೆ!"

"ಊರೆಲ್ಲ ಸುಳ್ಳು, ನೀವೊಬ್ಬರು ನಿಜ. ಹಾಗೆ ಬರೀಲಾ?"

ನನಗೆ ಅಳುವೇ ಬಂತು. ಮದುವೆ, ಹೆಣ್ಣು, ಡಬ್ಬಿ, ಚೀಲ ಎಲ್ಲವನ್ನೂ ಒದರಿಬಿಟ್ಟೆ. ಪುಣ್ಯಾತ್ಮರು ನಗಲಿಲ್ಲ. ಗುಮಾಸ್ತೆ ಅಮ್ಮನವರು ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದರು. "ಶುಕ್ರವಾರ ಅದೇ ಜನರನ್ನ ಕರ್ಕೊಂಡು ಬನ್ನಿ. ನಿಮಗೆ ಕೆಲಸ ಇಲ್ಲ ಅಂತ ನನ್ನೆದುರಿಗೆ ಹೇಳಲಿ. ಇಲ್ಲದಿದ್ರೆ ಅರ್ಜಿ ವಜಾ" ಎಂದರು ಸಾಹೇಬರು.

ಅಂದು ಸಂಜೆ ಸಿದ್ದಣ್ಣನ ಅಂಗಡಿಯಲ್ಲಿ ನಾನು ಸಭೆ ಕರೆದೆ. ಎಲ್ಲರಿಗೂ ಟೀ ಹೇಳಿದೆ. ಗಂಟಲು ಸರಿಮಾಡಿಕೊಂಡು, "ನಿಮ್ಮೆಲ್ಲರಿಗೂ ಆಘಾತ ಆಗುವಂಥ ಒಂದು ವಿಷಯ ತಿಳಿಸಬೇಕಾಗಿದೆ" ಎಂದು ಆರಂಭಿಸಿ, ಜೀವನದ ಏರಿಳಿತ, ಕಾಲದ ಮಹಿಮೆ ಎಲ್ಲವನ್ನೂ ಸುತ್ತಿಕೊಂಡು ಬಂದು, ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ನನ್ನ ಕೆಲಸ ಹೋಗಿದೆ!"

ಯಾರೂ ಬೆಚ್ಚಿಬೀಳಲಿಲ್ಲ. ಯಾರೋ ಟೀ ಸೊರ್ರನೆ ಹೀರಿದ ಸದ್ದು ಕೇಳಿಸಿತು.

"ಗೊತ್ತು ಬುಡು" ಎಂದ ಸಿದ್ದಣ್ಣ.

"ಗೊತ್ತು? ಯಾವಾಗಿಂದ?"

"ಬೀಗ ಬಿದ್ದ ದಿನದಿಂದ. ಮಾರ್ಕೆಟ್ ಯಾರ್ಡಿಗೆ ಕೊಬ್ರಿ ಹಾಕಕ್ಕೆ ನಮ್ಮೂರೋರು ಓಗಲ್ವೇನ್ಲಾ? ನಮ್ ಚೀಲಕ್ಕೇ ಒರಗಿಕೊಂಡು ಗೊರಕೆ ಹೊಡೀತಿದ್ದೆ! ಎಬ್ಬಿಸಿದ್ರೆ ನಿಂಗೆ ನಾಚ್ಕೆ ಆದಾತು ಅಂತ, ಹಮಾಲಿಗಳಿಗೆ ಹೇಳಿ ನಿನ್ನ ಪಕ್ಕದ ಚೀಲ ಕೊನೇಲಿ ಎತ್ತುಸ್ತಿದ್ವಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆಯನ್ನು ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

"ಮತ್ತೆ ಆ ಭತ್ಯೆ ಕಚೇರಿಯೋರ ಹತ್ರ ಯಾಕೆ ಅಷ್ಟೊಂದು ಸುಳ್ಳು ಹೇಳಿದ್ರಿ? ಶುಕ್ರವಾರ ನೀವೇ ಬಂದು ನಿಜ ಹೇಳದಿದ್ರೆ ಭತ್ಯೆ ಇಲ್ಲ!"

"ಕೆಲ್ಸಾನೂ ಇಲ್ಲ, ಹೆಣ್ಣೂ ಇಲ್ಲ ಅಂದ್ರೆ ನೀನು ಏನಾಗಬೇಕು?" ಎಂದಳು ಗಂಗಕ್ಕ. ಆಮೇಲೆ ಏನೋ ನೆನಪಾಗಿ ಮುಖ ಸಿಂಡರಿಸಿದಳು. "ಅಂಗಾರೆ ಅವ್ರು ಹೆಣ್ಣಿನ ಕಡೆಯೋರಲ್ವಾ? ಅಯ್ಯೋ, ನನ್ ಎಳನೀರು ದಂಡವಾಯ್ತಲ್ಲೋ!"

"ಅವ್ವಂಗೆ ಮಾತ್ರ ಹೇಳಬೇಡಿ" ಎಂದು ಕೈ ಮುಗಿದೆ. ಎಲ್ಲರೂ ಅವರವರ ಲೋಟ ನೋಡಿಕೊಂಡರು.

ಶುಕ್ರವಾರ ಸಿದ್ದಣ್ಣ ಕಾಯಿ ಸಾಗಿಸುವ ಆಟೋ ತಂದು ನಿಲ್ಲಿಸಿದ. ಹಿಂದೆ ಗಂಗಕ್ಕ ಹತ್ತಿ ಕೂತಿದ್ದಳು. ಮುಂದಿನ ಸೀಟಿನಲ್ಲಿ, ಮದುವೆ ಮನೆಗೆ ಉಡುವ ಸೀರೆ ಉಟ್ಟು, ಅವ್ವ! ನಾನು ಬಾಯಿ ತೆರೆಯುವ ಮೊದಲೇ, "ಹತ್ತಪ್ಪ, ಹೊತ್ತಾಯ್ತದೆ" ಎಂದಳು. ದಾರಿಯುದ್ದಕ್ಕೂ ನಾನು ಅವಳ ಬೆನ್ನನ್ನೇ ನೋಡುತ್ತ ಹಿಂದೆ ಕೂತಿದ್ದೆ.

ಕಚೇರಿಯಲ್ಲಿ ಸಿದ್ದಣ್ಣ, ಗಂಗಕ್ಕ ತಮ್ಮ ಮಾತನ್ನು ತಾವೇ ನುಂಗಿಕೊಂಡರು. ಹೊಸ ಫ್ಯಾಕ್ಟರಿಯನ್ನು ಗಂಗಕ್ಕನೇ ಮುಚ್ಚಿಸಿದಳು. ಸಾಹೇಬರು ಅವ್ವನ ಕಡೆ ತಿರುಗಿದರು.

"ನೀವು ದಿನಾ ಊಟ ಕಟ್ಟಿ ಕೆಲಸಕ್ಕೆ ಕಳಿಸ್ತೀನಿ ಅಂದಿದ್ರಿ ತಾಯಿ. ಅದು ಸುಳ್ಳಾ?"

"ಕಟ್ತಿದ್ದುದು ನಿಜ ಸ್ವಾಮಿ. ಕೆಲ್ಸ ಹೋಗಿರೋದೂ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಕಟ್ಟಿದ್ರಿ?"

ಅವ್ವ ಸಾಹೇಬರನ್ನು ದಡ್ಡನನ್ನು ನೋಡುವಂತೆ ನೋಡಿದಳು. "ಕೆಲ್ಸ ಹೋದ್ರೆ ಹಸಿವೂ ಹೋಗ್ತದಾ ಸ್ವಾಮಿ?"

ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ನಾನು ಛಾವಣಿಯ ಫ್ಯಾನು ನೋಡಿದೆ. ಫ್ಯಾನು ಮಂಜಾಗಿ ಕಾಣುತ್ತಿತ್ತು.

"ಯಾಕವ್ವ ಒಂದು ಮಾತೂ ಕೇಳಲಿಲ್ಲ ನನ್ನ?" ಎಂದೆ.

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ ಕಣಪ್ಪ" ಎಂದಳು.

ಸಾಹೇಬರು ಸಹಿ ಹಾಕಿದರು. ಭತ್ಯೆ ಮಂಜೂರಾಯಿತು. ಕಡತ ಕಟ್ಟುತ್ತ ಗುಮಾಸ್ತೆ ಅಮ್ಮನವರು ನನ್ನನ್ನೇ ನೋಡಿ, "ಅಲ್ಲಪ್ಪ, ಅಮ್ಮಂಗೆ ಗೊತ್ತು, ಊರಿಗೆ ಗೊತ್ತು, ಹಮಾಲಿಗಳಿಗೂ ಗೊತ್ತು. ಇಷ್ಟು ದಿನ ಇಸ್ತ್ರಿ ಮಾಡ್ಕೊಂಡು ಯಾರನ್ನ ನಂಬಿಸ್ತಿದ್ದೆ?" ಎಂದರು.

ಆಟೋ ಬಿಳಿಗೆರೆ ಮುಟ್ಟುವವರೆಗೂ ಯೋಚಿಸಿದೆ. ಇಡೀ ತಾಲ್ಲೂಕಿನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆಂದು ನಂಬಿದ್ದ ಮನುಷ್ಯ ಒಬ್ಬನೇ. ಅವನಿಗೂ ಮೊನ್ನೆ ಟೀ ಅಂಗಡಿಯಲ್ಲಿ ವಿಷಯ ತಿಳಿಯಿತು.