ಆಕಾಶದ ಪಿಕ್ಚರಿಗೆ ಹತ್ತು ಅಭಿಪ್ರಾಯ

ನಾನು ಯಾರಿಗಾದರೂ ಏನನ್ನಾದರೂ ತೋರಿಸಲು ಹೊರಟರೆ ಹೀಗೇ ಆಗುವುದು. ಊರಿಂದ ಬಂದ ನೆಂಟರನ್ನು ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಜೋಪಾನ ಮಾಡಿ ಸಮುದ್ರದ ತನಕ ಕರೆದೊಯ್ದರೆ, ಐದು ನಿಮಿಷ ನೋಡಿ, "ಉಪ್ಪು ನೀರಲ್ಲವೇನ್ರೀ, ಏನ್ ಉಪಯೋಗ" ಎಂದು ಭೇಳ್‌ಪುರಿಯವನ ಕಡೆ ತಿರುಗುತ್ತಾರೆ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಡೊಂಬಿವಲಿ ಕಡೆಯ ಹತ್ತು ಸಂಸಾರಗಳಿಗೆ ಆಕಾಶ ತೋರಿಸುವ ಉಸಾಬರಿಗೆ ಹೋಗುತ್ತಿರಲಿಲ್ಲ.

೧. ವಹಿ

ಆಗ ನಾನು ಠಾಣೆಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದೆ. ಆಸುಪಾಸಿನ ಕನ್ನಡದ ಮನೆಯವರು ಸೇರಿ ಒಂದು ಪುಟ್ಟ ಮಂಡಳಿ ಮಾಡಿಕೊಂಡಿದ್ದೆವು. ಮಂಡಳಿಯಲ್ಲಿ ಹರಿಕಥೆಯಾಗಲಿ, ಅರಿಶಿನ ಕುಂಕುಮವಾಗಲಿ, ಮಕ್ಕಳ ಹಾಡಾಗಲಿ, ಮುಗಿದ ಮೇಲೆ ಒಂದು ಉದ್ದನೆಯ ವಹಿ ಕೈಯಿಂದ ಕೈಗೆ ಹೋಗಬೇಕು, ಬಂದವರು ಅದರಲ್ಲಿ ಅಭಿಪ್ರಾಯ ಬರೆಯಬೇಕು. ಎಲ್ಲರೂ ಬರೆಯುತ್ತಿದ್ದದ್ದು "ಕಾರ್ಯಕ್ರಮ ಸೊಗಸಾಗಿ ಮೂಡಿಬಂತು" ಎಂದೇ. ಆದರೂ ನಮ್ಮ ಅಧ್ಯಕ್ಷರು ಆ ವಹಿಯನ್ನು ದೇವರ ಪಟದ ಪಕ್ಕದಲ್ಲಿ ಇಡುತ್ತಿದ್ದರು.

ನನ್ನ ಹುಚ್ಚು ಬೇರೆ. ತಿಂಗಳಿಗೊಂದು ಒಳ್ಳೆಯ ಸಿನಿಮಾಕ್ಕೆ ಎಲ್ಲರೂ ಒಟ್ಟಿಗೆ ಹೋಗಬೇಕು, ಬಂದು ಕೂತು ಅದರ ಬಗ್ಗೆ ಮಾತಾಡಬೇಕು, ಅದಕ್ಕೆ ನಾನು ಸಂಚಾಲಕನಾಗಬೇಕು. ಎರಡು ವರ್ಷ ಅಧ್ಯಕ್ಷರ ಬೆನ್ನು ಬಿದ್ದೆ. ಅವರು ಕರಾವಳಿ ಕಡೆಯವರು, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಕೊನೆಗೊಂದು ದಿನ, "ಒಂದು ಸಲ ನೋಡುವ ಮಾರಾಯ್ರೆ," ಎಂದರು. "ಹತ್ತು ಮನೆಯವರನ್ನು ಕರ್ಕೊಂಡು ಹೋಗಿ. ಹತ್ತೂ ಮನೆಯಿಂದ ವಹಿಯಲ್ಲಿ ಒಳ್ಳೆ ಅಭಿಪ್ರಾಯ ಬಂದ್ರೆ ಮುಂದುವರಿಸುವ. ಒಂಬತ್ತು ಬಂದ್ರೆ ಇಲ್ಲ. ಮತ್ತೆ ನೀವು, ನಿಮ್ಮ ಹೆಂಡತಿ ಬರೆದದ್ದು ಲೆಕ್ಕಕ್ಕೆ ಬರುದಿಲ್ಲ."

ಯಾವ ಸಿನಿಮಾ ಎಂದು ಕೇಳಿದರು. ಮುಂಬಯಿಯಲ್ಲಿ ತಿಂಗಳುಗಟ್ಟಲೆ ಓಡಿದ ಒಂದು ಇಂಗ್ಲಿಷ್ ಪಿಕ್ಚರು, ಊರಷ್ಟು ದೊಡ್ಡ ಆಕಾಶಹಡಗಿನ ಕತೆ, ಆಗ ತಾನೇ ಕಲ್ಯಾಣಕ್ಕೆ ಭಾನುವಾರ ಬೆಳಗಿನ ಆಟಕ್ಕೆ ಬಂದಿತ್ತು. ಅದರ ಹೆಸರು ಹೇಳಿದೆ. "ನೀವು ನೋಡಿದ್ದೀರಾ?" ಎಂದರು. "ಎರಡು ಸಲ," ಎಂದೆ.

ಖರೇ ಹೇಳಬೇಕೆಂದರೆ ಒಂದು ಸಲವೂ ನೋಡಿರಲಿಲ್ಲ. ಹೋಗಿದ್ದೆ, ಹೌಸ್‌ಫುಲ್ ಆಗಿತ್ತು. ಗಾಜಿನ ಪೆಟ್ಟಿಗೆಯೊಳಗೆ ಅಂಟಿಸಿದ ಫೋಟೋಗಳನ್ನು ಅರ್ಧ ಗಂಟೆ ನೋಡಿ ವಾಪಸು ಬಂದಿದ್ದೆ. ಇದು ಹೆಂಡತಿಯೊಬ್ಬಳಿಗೆ ಗೊತ್ತಿತ್ತು. "ಸುಮ್ಮನ ಇಲ್ಲದ್ದೊಂದು ಹಚ್ಚಿಕೊಂಡ್ರಿ," ಎಂದಳು. ಆಗ ನನಗೆ ಅವಳ ಮೇಲೆ ಸಿಟ್ಟು ಬಂತು. ಈಗ ಬರುವುದಿಲ್ಲ.

೨. ಬೆಳಗಿನ ಆಟ

ನಮ್ಮವರು ಡೊಂಬಿವಲಿಯಲ್ಲಿ ಗಾಡಿ ಹತ್ತಿ ಕಲ್ಯಾಣದಲ್ಲಿ ಇಳಿಯುವುದು ಎರಡೇ ಸ್ಟೇಷನ್ನಿನ ಮಾತು. ಅಷ್ಟಕ್ಕೇ ಎಲ್ಲರ ಕೈಯಲ್ಲೂ ಊಟದ ಡಬ್ಬಿ, ನೀರಿನ ತಂಬಿಗೆ. ನನ್ನ ಮನೆಯ ಲೆಕ್ಕಕ್ಕೆ ಅತ್ತೆ ಬಂದಿದ್ದರು. ಅವರು ನನಗೆ ಸೋದರತ್ತೆಯೂ ಹೌದು, ನನ್ನನ್ನು ಎತ್ತಿ ಆಡಿಸಿದವರು. ಹೀಗಾಗಿ ಅಳಿಯನಿಗೆ ಸಿಗಬೇಕಾದ ಮರ್ಯಾದೆ ನನಗೆ ಒಂದು ದಿನವೂ ಸಿಕ್ಕಿಲ್ಲ.

ಪಿಕ್ಚರು ಶುರುವಾಯಿತು. ತೆರೆಯ ತುಂಬ ನಕ್ಷತ್ರ. ಒಂದು ಮೂಲೆಯಿಂದ ಹಡಗು ಬರತೊಡಗಿತು, ಬಂತು, ಬಂತು, ಮುಗಿಯಲೇ ಇಲ್ಲ. ನಮ್ಮವರ ಬಾಯಿ ಮುಚ್ಚಲಿಲ್ಲ, ಚಕ್ಕುಲಿಯೂ ಒಳಗೆ ಹೋಗಲಿಲ್ಲ. ಹಡಗಿನ ಕ್ಯಾಪ್ಟನ್ ಒಬ್ಬ ಬೋಳುತಲೆಯ ಮುದುಕ, ನಗುಮುಖದವನು. ಅರ್ಧ ಗಂಟೆಯಲ್ಲಿ ಅವನು ಎಲ್ಲರಿಗೂ ಮನೆಯವನಾಗಿಬಿಟ್ಟ. ನಾನು ಮನಸ್ಸಿನಲ್ಲೇ ಸಂಚಾಲಕನಾಗಿ ಕೂತಿದ್ದೆ.

ಅಷ್ಟರಲ್ಲಿ ತೆರೆ ಬೆಳ್ಳಗಾಯಿತು, ದೀಪ ಹತ್ತಿತು. ಠಾಣೆಯಿಂದ ಫಿಲ್ಮಿನ ಡಬ್ಬಿ ಬರಬೇಕು, ತಡೆಯಿರಿ ಎಂದು ಯಾರೋ ಬಂದು ಹೇಳಿಹೋದರು. ನಮ್ಮವರು ತಮ್ಮ ಡಬ್ಬಿ ಬಿಚ್ಚಿದರು. ಇಪ್ಪತ್ತು ನಿಮಿಷ ಸೀಟಿ, ಕಾಲು ಕುಟ್ಟುವ ಸದ್ದು. ಮತ್ತೆ ಪಿಕ್ಚರು ಶುರುವಾದಾಗ ಒಮ್ಮೆಲೇ ಹಡಗಿನಲ್ಲಿ ಸ್ಫೋಟ. ಬಾಗಿಲು ಕಿತ್ತುಹೋಗಿ ಕ್ಯಾಪ್ಟನ್ ಮುದುಕ ಕತ್ತಲ ಆಕಾಶಕ್ಕೆ ತೇಲಿ ಹೋಗಿಯೇಬಿಟ್ಟ. ಇಂಟರ್ವಲ್. ಇಂಟರ್ವಲ್ ಮುಗಿದ ಮೇಲೆ ನೋಡಿದರೆ ಅದೇ ಮುದುಕ ಹಡಗಿನೊಳಗೆ ಕಾಫಿ ಕುಡಿಯುತ್ತ ನಗುತ್ತ ಕೂತಿದ್ದಾನೆ.

ಅತ್ತೆ ನನ್ನ ಮೊಣಕೈ ತಿವಿದರು. "ಈ ಮುದುಕ ಹೋಗಿದ್ನಲ್ಲೋ?"

ನನಗೂ ಅದೇ ಪ್ರಶ್ನೆ. ಆದರೆ ಎರಡು ಸಲ ನೋಡಿದವನಿಗೆ ಪ್ರಶ್ನೆ ಇರಬಾರದು. "ಅತ್ತಿ, ಇದು ವಿಜ್ಞಾನ," ಎಂದೆ. "ಆಕಾಶದಾಗ ಕಾಲ ಹಿಂದ ಮುಂದ ಹರೀತದ. ಡೈರೆಕ್ಟರು ಬೇಕಂತನ ಹಂಗ ಮಾಡ್ಯಾನ."

"ಹೋಗುವಾಗ ಅವನ ಅಂಗಿಯ ಎಡದ ತೋಳು ಹರಿದಿತ್ತು. ಈಗ ನೆಟ್ಟಗದ. ಹೊಲದಿದ್ರ ಹೊಲಿಗಿ ಕಾಣಬೇಕಲ್ಲ."

ಅತ್ತೆ ಜೀವನವಿಡೀ ಎಳೆ ಎಣಿಸಿ ಕಸೂತಿ ಹಾಕಿದವರು, ಇಂಥದ್ದನ್ನೇ ನೋಡುತ್ತಾರೆ. "ಸುಮ್ಮನ ಕೂಡ್ರಿ ಅತ್ತಿ," ಎಂದು ಗದರಿದೆ. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಅಪರಿಚಿತ, "ಭಾಯಿಸಾಬ್, ಯೇ ಬುಡ್ಢಾ ಜಿಂದಾ ಕೈಸೆ ಹುವಾ?" ಎಂದು ಕೇಳಿದ. ಅವನಿಗೂ ವಿವರಿಸಿದೆ. ಅವನು ಪಕ್ಕದವನಿಗೆ ಹೇಳಿದ. ಆಟ ಮುಗಿಯುವ ಹೊತ್ತಿಗೆ ಅರ್ಧ ಥಿಯೇಟರಿಗೆ ಕಾಲ ಹಿಂದೆ ಹರಿಯುವುದು ಹೇಗೆಂದು ಗೊತ್ತಾಗಿತ್ತು. ಕೊನೆಯ ಭಾಗದಲ್ಲಿ ಕ್ಯಾಪ್ಟನ್ ಎಲ್ಲೂ ಕಾಣಿಸಲಿಲ್ಲ. ಪಾಳಿ ಮುಗಿಸಿ ಮಲಗಿರಬೇಕು ಎಂದು ನಮ್ಮವರೇ ತೀರ್ಮಾನಿಸಿಕೊಂಡರು.

೩. ಸ್ಥಳಾವಕಾಶ

ಮರುದಿನದಿಂದ ವಹಿ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ತಿರುಗಿದೆ. ಮೊದಲು ಪಕ್ಕದ ಬ್ಲಾಕಿನ ರಾಯರು, ಮೈಸೂರು ಕಡೆಯವರು. ಒಂದೇ ಖೋಲಿಯಲ್ಲಿ ಆರು ಜನ, ಮೂರು ವರ್ಷದಿಂದ ದೊಡ್ಡ ಬ್ಲಾಕು ಹುಡುಕುತ್ತಿದ್ದರು.

"ಅದ್ಭುತ ಕಣ್ರೀ," ಎಂದರು. ನನ್ನ ಜೀವಕ್ಕೆ ತಂಪಾಯಿತು. "ಅಷ್ಟುದ್ದದ ಹಡಗಲ್ಲಿ ಇರೋದು ಐದೇ ಜನ. ಒಬ್ಬೊಬ್ಬರಿಗೆ ಒಂದೊಂದು ಬೆಡ್‌ರೂಮು. ಆ ಹುಡುಗಿ ರೂಮಿಗೆ ಕಿಟಕಿ ಎಷ್ಟು ದೊಡ್ಡದು ನೋಡಿದ್ರಾ? ನೀರು ಎಷ್ಟು ಹೊತ್ತು ಬರುತ್ತೋ ಅದನ್ನ ತೋರಿಸಲೇ ಇಲ್ಲ."

"ರಾಯರೆ, ಗ್ರಹಗಳು, ಬೆಳಕು, ಆ ಹಸಿರು ಮೋಡ, ಅದರ ಬಗ್ಗೆ ಎರಡು ಮಾತು ಬರೀರಿ."

ರಾಯರು ಬಹಳ ಹೊತ್ತು ಯೋಚಿಸಿ, ಕನ್ನಡಕ ಸರಿಮಾಡಿಕೊಂಡು ಬರೆದರು: "ಸ್ಥಳಾವಕಾಶ ಉತ್ತಮ. ಗಾಳಿ ಬೆಳಕು ಸಾಧಾರಣ. ಸ್ಟೇಷನ್ನಿನಿಂದ ದೂರ."

೪. ದುಂಡು ಅಕ್ಷರ

ಮೇಲಿನ ಮಹಡಿಯ ಮನೆಯಲ್ಲಿ ದೊಡ್ಡವರಿಬ್ಬರೂ ಡ್ಯೂಟಿಗೆ ಹೋಗಿದ್ದರು, ಕಾಲೇಜು ಓದುವ ಮಗಳು ಒಬ್ಬಳೇ ಇದ್ದಳು. ಹುಟ್ಟಿದ್ದು ಬೆಳೆದದ್ದು ಇಲ್ಲಿಯೇ. ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿಂದ ಬರುವುದು ಮರಾಠಿ.

"ಪಿಕ್ಚರ್ ಹೇಗಿತ್ತಮ್ಮ?"

"ಏಕದಂ ಭಾರೀ ಹೋತಾ, ಅಂಕಲ್."

"ಬಹಳ ಚೆನ್ನಾಗಿತ್ತು ಅಂತ ಇದರಲ್ಲಿ ಬರಿ. ಕನ್ನಡದಲ್ಲೇ ಬರೀಬೇಕು, ಅಧ್ಯಕ್ಷರು ಬೇರೆ ಲಿಪಿ ಒಪ್ಪೋದಿಲ್ಲ."

ಅವಳ ಮುಖ ಬಾಡಿತು. ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ, ಅದನ್ನು ಹೇಳಲು ನಾಚಿಕೆ. ವಹಿ ಇಟ್ಟು ಹೋಗಿ, ಸಂಜೆ ಕೊಡುತ್ತೇನೆ ಎಂದಳು. ಸಂಜೆ ನೋಡಿದರೆ ದುಂಡಗೆ, ರಂಗೋಲಿ ಹಾಕಿದ ಹಾಗೆ ನಾಲ್ಕು ಸಾಲು. ವಹಿಯ ಹಿಂದಿನ ಪುಟದಿಂದ ಒಂದೊಂದು ಅಕ್ಷರವನ್ನೂ ಚಿತ್ರದಂತೆ ನೋಡಿ ಇಳಿಸಿದ್ದಳು. ಹಿಂದಿನ ಪುಟದಲ್ಲಿದ್ದದ್ದು ಶ್ರಾವಣದ ಹರಿಕಥೆಯ ಅಭಿಪ್ರಾಯ.

ಹೀಗಾಗಿ ನಮ್ಮ ಆಕಾಶಹಡಗಿನ ಪಿಕ್ಚರಿನ ಬಗ್ಗೆ ವಹಿಯಲ್ಲಿ ಇವತ್ತಿಗೂ ಹೀಗಿದೆ: "ಭಕ್ತಿರಸ ಉಕ್ಕಿ ಹರಿಯಿತು. ದಾಸರ ಕಂಠ ಮಧುರವಾಗಿತ್ತು. ಕೋಸಂಬರಿಗೆ ಉಪ್ಪು ಸ್ವಲ್ಪ ಕಡಿಮೆ."

೫. ಹಮಾಲಿ

ನಮ್ಮ ಮಂಡಳಿಯಲ್ಲಿ ಒಬ್ಬ ಮುಕಾದಮನಿದ್ದ. ಕಲಬುರಗಿ ಕಡೆಯವನು, ತುರ್ಭೆಯ ಗೋದಾಮಿನಲ್ಲಿ ಮಾಲು ಹೊರುವ ಹಮಾಲರ ಗುಂಪಿಗೆ ಮುಖಂಡ. ಮನೆ ಕಲ್ಯಾಣದಾಚೆಯ ವಿಠ್ಠಲವಾಡಿಯಲ್ಲಿ, ಪಿಕ್ಚರಿಗೆ ಅಲ್ಲಿಂದಲೇ ಬಂದು ಸೇರಿದ್ದ. ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ, ಅವನು ಹೆಬ್ಬೆಟ್ಟು ಒತ್ತುತ್ತಾನೆ ಎಂದು ಮಾತಾಗಿತ್ತು.

"ನಾ ಒತ್ತಂಗಿಲ್ರಿ ಸಾಹೇಬ್ರ," ಎಂದ.

"ಯಾಕಪ್ಪ, ಚೆನ್ನಾಗಿರಲಿಲ್ವಾ?"

"ನೋಡ್ಲಿಕ್ಕ ಛಲೋ ಅದ. ಖರೆ ಆ ಹಡಗದಾಗ ಪೆಟಗಿ ತಾವೇ ತೇಲ್ಕೋತ ಹೊಂಟಾವ. ಒಂದು ಬಟ್ಟು ಹಚ್ಚಿದ್ರ ಸಾಕು, ಆ ಕಡಿಂದ ಈ ಕಡಿ. ಒಬ್ಬ ಹಮಾಲ ಇಲ್ಲ. ಅಂಥಾದ್ದು ತುರ್ಭೆಕ್ಕ ಬಂದ್ರ ನಮ್ ನಲವತ್ತು ಮಂದಿ ಎಲ್ಲಿ ಹೋಗ್ಬೇಕ್ರಿ?"

ಅಲ್ಲಿ ಭಾರವೇ ಇರುವುದಿಲ್ಲ, ಭೂಮಿಯ ಮೇಲೆ ಹಾಗಾಗುವುದಿಲ್ಲ ಎಂದು ಒಂದು ಗಂಟೆ ತಿಳಿಹೇಳಿದೆ. ಎರಡು ಚಹಾ ಕುಡಿಸಿದೆ. ಕಾರ್ಖಾನೆಯಲ್ಲಿ ಸಾಹೇಬರಿಗೂ ನಾನು ಇಷ್ಟು ವಿವರಿಸಿದವನಲ್ಲ. ಕೊನೆಗೆ ಅವನಿಗೇ ನನ್ನ ಮೇಲೆ ಕನಿಕರ ಬಂತು. "ಬರ್ಕೋರಿ," ಎಂದ. "ಪಿಕ್ಚರ್ ಛಲೋ ಅದ. ಮಾಲು ಇಳಿಸೂ ಮುಂದ ನಮ್ ಮಂದೀನ ಕರೀಬೇಕು."

೬. ಡಬ್ಬಿ

ಹೀಗೆ ಹಲ್ಲು ಕಚ್ಚಿಕೊಂಡು ಒಂಬತ್ತು ಮನೆ ಮುಗಿಸಿದೆ. ಹತ್ತನೆಯದು ನನ್ನದೇ ಮನೆ. ಅತ್ತೆ ಪೆನ್ನು ಮುಟ್ಟಲಿಲ್ಲ. "ಆ ತೋಳಿಂದು ಮೊದಲ ತಿಳೀಲಿ, ಆಮ್ಯಾಲ ಬರೀತೀನಿ," ಎಂದರು. ಬೇಡಿಕೊಂಡೆ. ರೇಗಿದೆ. ಒಂದು ಹೊತ್ತು ಊಟ ಬಿಟ್ಟು ನೋಡಿದೆ. "ನಾಳಿಗೆ ಹಸಿವಾಗ್ತದ, ಉಣ್ಣತಾನ," ಎಂದು ಮಗಳಿಗೆ ಹೇಳಿ ಕಸೂತಿ ಹಿಡಿದು ಕೂತರು.

ಮುಂದಿನ ಶನಿವಾರ ಸಂಜೆ ಸಭೆ. ಕಾಲದ ಹಿಮ್ಮುಖ ಚಲನೆ ಎಂದು ನಾನು ಎರಡು ಪುಟ ಬರೆದು ತಂದಿದ್ದೆ, ಅದನ್ನು ಓದಿ ಹತ್ತನೆಯ ಅಭಿಪ್ರಾಯದ ಕೊರತೆ ಮುಚ್ಚಿಹಾಕುವ ಆಸೆ. ಓದಿದೆ. ಮುದುಕನ ಸಾವು ಮೊದಲು, ಬದುಕು ಆಮೇಲೆ, ಇದೇ ನಿರ್ದೇಶಕನ ಪ್ರತಿಭೆ ಎಂದೆ. ಚಪ್ಪಾಳೆಯೂ ಬಂತು. ಅಷ್ಟರಲ್ಲಿ ಮುಕಾದಮ ಒಬ್ಬ ಅಪರಿಚಿತನನ್ನು ಕರೆದುಕೊಂಡು ಒಳಗೆ ಬಂದ.

"ನಾನ ಕರಸೇನಿ," ಎಂದರು ಅತ್ತೆ.

ಆತ ಕಲ್ಯಾಣದ ಆ ಥಿಯೇಟರಿನಲ್ಲಿ ಪಿಕ್ಚರ್ ಓಡಿಸುವ ಆಪರೇಟರ್. ವಿಠ್ಠಲವಾಡಿಯಲ್ಲಿ ಮುಕಾದಮನ ನೆರೆಮನೆ, ವಿಜಯಪುರ ಕಡೆಯವನು. ಕೈಮುಗಿದು ಹೇಳಿದ: "ತಪ್ಪಾತ್ರಿ. ಠಾಣಾಕ್ಕ ನಮಗ ಕೂಡಿ ಒಂದ ಪ್ರಿಂಟು. ಅಲ್ಲಿ ತೋರ್ಸಿ ಮುಗಿದ ಡಬ್ಬಿ ಒಂದೊಂದ ಲೋಕಲ್‌ನಾಗ ಬರ್ತಾವ. ನಾಲ್ಕನೇ ಡಬ್ಬಿ ಇದ್ದ ಸ್ಲೋ ಗಾಡಿ ಮುಂಬ್ರಾದಾಗ ನಿಂತಬಿಡ್ತು, ಐದನೇದು ಫಾಸ್ಟ್‌ನಾಗ ಬಂತು. ಮಂದಿ ಸೀಟಿ ಹೊಡಿಯಾಕ ಹತ್ತಿದ್ರು, ಐದನೇದ ಹಾಕಿದೆ. ಮುದುಕ ಮೊದಲ ಸತ್ತಾ, ಆಮ್ಯಾಲ ಕಾಫಿ ಕುಡದಾ. ನಾಳೆ ಬರ್ರಿ, ಸರಿಯಾಗಿ ತೋರಸ್ತೀನಿ."

ಎಲ್ಲರೂ ನನ್ನ ಕೈಯಲ್ಲಿದ್ದ ಎರಡು ಪುಟ ನೋಡುತ್ತಿದ್ದರು. ಅಧ್ಯಕ್ಷರು ಮೆಲ್ಲಗೆ, ನಿಜವಾಗಿಯೂ ತಿಳಿಯದವರಂತೆ ಕೇಳಿದರು: "ಅಲ್ಲ ಮಾರಾಯ್ರೆ, ನೀವು ಎರಡು ಸಲ ನೋಡಿದ್ದೀರಲ್ಲ. ಎರಡು ಸಲವೂ ಮುಂಬ್ರಾದಲ್ಲಿ ಗಾಡಿ ನಿಂತಿತ್ತಾ?"

೭. ಸರಿಯಾದ ಪಿಕ್ಚರು

ಮರುದಿನ ಮತ್ತೆ ಹತ್ತು ಮನೆಯವರು ಕಲ್ಯಾಣಕ್ಕೆ ಹೊರಟರು. ನನಗೆ ಮುಖ ತೋರಿಸುವ ಮನಸ್ಸಿರಲಿಲ್ಲ, ಹೆಂಡತಿ ಎಳೆದುಕೊಂಡು ಬಂದಳು. ಈ ಸಲ ಅಧ್ಯಕ್ಷರೂ ವಹಿ ಹಿಡಿದು ಬಂದಿದ್ದರು. ನಾನು ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಸಂಚಾಲಕನ ಆಸೆಯನ್ನು ಅಲ್ಲಿಗೇ ಬಿಟ್ಟಿದ್ದೆ.

ಡಬ್ಬಿಗಳು ಸರಿಯಾಗಿ ಬಂದವು. ಮುದುಕ ಮೊದಲು ಕಾಫಿ ಕುಡಿದ, ನಕ್ಕ. ಆಮೇಲೆ ಸ್ಫೋಟ. ತೋಳು ಹರಿಯಿತು, ಬಾಗಿಲು ಕಿತ್ತುಹೋಯಿತು, ಅವನು ಕತ್ತಲೆಗೆ ತೇಲಿ ಹೋದ. ನಮ್ಮವರು ಯಾರೂ ಗಾಬರಿಯಾಗಲಿಲ್ಲ. "ಈಗ ಬರ್ತಾನೆ," ಎಂದು ರಾಯರು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. ಇಂಟರ್ವಲ್ ಮುಗಿಯಿತು. ಮುದುಕ ಬರಲಿಲ್ಲ. ಕೊನೆಯ ತನಕ ಬರಲಿಲ್ಲ. ಪಾಳಿ ಮುಗಿಸಿ ಮಲಗಿರಲಿಲ್ಲ ಎಂದು ಅವತ್ತು ಎಲ್ಲರಿಗೂ ತಿಳಿಯಿತು.

ಹೊರಗೆ ಬಂದರೆ ಹತ್ತೂ ಮನೆಯವರು ನನ್ನನ್ನು ಸುತ್ತುವರಿದರು. "ಹೋದ ವಾರ ಬದುಕಿ ಬಂದಿದ್ದ ಕಣ್ರೀ, ಇವತ್ತು ಸುಮ್ಮನೆ ಕೊಂದುಬಿಟ್ರಲ್ಲ," ಎಂದರು ರಾಯರು. ಕಾಲೇಜಿನ ಹುಡುಗಿ ಮೂಗು ಒರೆಸಿಕೊಳ್ಳುತ್ತ, "ಅಂಕಲ್, ಪಹಿಲಾ ಚಾಂಗ್ಲಾ ಹೋತಾ," ಎಂದಳು, ಮೊದಲಿನದೇ ಚೆನ್ನಾಗಿತ್ತಂತೆ. ಮುಕಾದಮ ಆಪರೇಟರನ ಖೋಲಿಯ ಕಡೆ ನೋಡುತ್ತ, "ನಾ ಹೋಗಿ ಅವ್ನಿಗಿ ಕೇಳ್ತೀನಿ," ಎಂದು ತೋಳು ಮಡಚಿದ. ನನ್ನ ತಪ್ಪೇನು ಎಂದು ಕೇಳುವ ಧೈರ್ಯವೂ ನನಗೆ ಉಳಿದಿರಲಿಲ್ಲ.

ಅತ್ತೆ ಮಾತ್ರ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡು, ಅಧ್ಯಕ್ಷರ ಕೈಯಿಂದ ವಹಿ ಇಸಿದುಕೊಂಡರು. ನಿಧಾನವಾಗಿ ಬರೆದರು. ನಾನು ಬಗ್ಗಿ ಓದಿದೆ: "ತೋಳಿನ ವಿಷಯದಾಗ ನಾ ಹೇಳಿದ್ದ ಖರೇ ಆತು. ಆದ್ರ ನಮ್ಮ ಅಳಿಯ ಹೇಳಿದ್ದ ಖರೇ ಆಗಿದ್ರ ಛಲೋ ಇತ್ತು."

ಅಧ್ಯಕ್ಷರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣೂ ಕೆಂಪಗಾಗಿತ್ತು.

"ಹತ್ತು ಆಯ್ತು," ಎಂದರು. "ಮುಂದಿನ ತಿಂಗಳಿಂದ ನೀವೇ ಸಂಚಾಲಕರು. ಆದ್ರೆ ಒಂದು ಷರತ್ತು ಉಂಟು ಮಾರಾಯ್ರೆ. ಇನ್ನು ಮುಂದೆಯೂ ಯಾವ ಸಿನಿಮಾವನ್ನೂ ನೀವು ಮೊದಲೇ ನೋಡಿ ಬರಬಾರದು."