ಪರವಾ ಅಂದರೆ ಯಾವತ್ತು?

ಆ ಕಂಪ್ಯೂಟರ್ ಕೆಟ್ಟಿರಲಿಲ್ಲ. ನನ್ನ ಮೈದುನನ ತಲೆಯೂ ಕೆಟ್ಟಿರಲಿಲ್ಲ, ಓಣಿಯವರು ಏನೇ ಅನ್ನಲಿ. ಒಬ್ಬರ ನೂಲಿನ ಬೀಮುಗಳು ಇನ್ನೊಬ್ಬರ ಲಾರಿ ಹತ್ತುವುದನ್ನು ನಾನು ಕಣ್ಣಾರೆ ಕಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಇಚಲಕರಂಜಿಯ ಜನ ಚಹಾದ ಜೊತೆ ಕುಡಿದ ಕತೆ.

ಹಾಗಂತ ಮೈದುನನ ತಲೆ ಪೂರ್ತಿ ನೆಟ್ಟಗಿತ್ತು ಅಂತ ಆಣೆ ಮಾಡಲಾರೆ! ನಾನು ಮದುವೆಯಾಗಿ ಬಂದಾಗ ಅವನಿಗೆ ಎಂಟು ವರ್ಷ. ಬೇರೆ ಮಕ್ಕಳು ಹೊಸ ಮದುಮಗಳ ಹತ್ತಿರ ಪೇಢೆ ಕೇಳಿದರೆ ಇವನು ಕೇಳಿದ್ದೇನು ಗೊತ್ತೇ? "ವೈನಿ, ನಿಮಗ ಇಲ್ಲಿ ಬರೂದು ಬೇಕಾಗಿತ್ತೇನ್ರಿ?" ನನ್ನನ್ನು ಹೆತ್ತ ಅಪ್ಪನೇ ಕೇಳದ ಪ್ರಶ್ನೆ! ಕಿವಿ ಹಿಂಡಿ ಕಳಿಸಿದೆ.

ಕಿವಿ ಹಿಂಡಿದರೂ ಚಟ ಹೋಗಲಿಲ್ಲ. ಪುಣೆಯಲ್ಲಿ ಓದಿ ಕೊಲ್ಹಾಪುರದ ಒಂದು ಕಂಪ್ಯೂಟರ್ ಕಚೇರಿಯಲ್ಲಿ ಕೆಲಸ ಹಿಡಿದ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಕಂಪ್ಯೂಟರ್ ನಡೆಸುವ ಕೆಲಸವೇ ಅಂದರೆ, ಅದಲ್ಲ. ಕಂಪ್ಯೂಟರ್ ಬರುವ ಮೊದಲು ಜನರ ನಡುವೆ ಕೂತು, ಅವರು ಹೇಗೆ ಕೆಲಸ ಮಾಡುತ್ತಾರೆ, ಅವರಿಗೆ ಏನು ಬೇಕು ಅಂತ ತಿಳಿದುಕೊಂಡು ಬರುವುದಂತೆ! ನೀವೇ ಹೇಳಿ, ಕೂತು ನೋಡುವುದಕ್ಕೆ ಸಂಬಳ ಕೊಡುವವರೂ ಇರುತ್ತಾರೆಯೇ?

ನಾನು ಆಗ ಯಡ್ರಾವ ರಸ್ತೆಯ ಸೈಜಿಂಗ್ ಕಾರ್ಖಾನೆಯಲ್ಲಿದ್ದೆ. ಮಗ್ಗದವರು ನೂಲು ತಂದು ಹಾಕುತ್ತಾರೆ. ನಮ್ಮಲ್ಲಿ ಅದಕ್ಕೆ ಗಂಜಿ ಹಚ್ಚಿ, ಒಣಗಿಸಿ, ಬೀಮು ಅನ್ನುವ ದೊಡ್ಡ ಉರುಳೆಗೆ ಸುತ್ತಿ ಕೊಡುತ್ತಾರೆ. ನಾನು ಸೇರಿದ್ದು ನೆಲದ ಗಂಜಿ ಕೆರೆಯುವುದಕ್ಕೆ. ಓದಿದ್ದು ಕನ್ನಡ ಎರಡನೇ ಇಯತ್ತೆ. ಆದರೆ ಯಾವ ಬೀಮು ಯಾರದು, ಯಾವತ್ತು ಹೋಗಬೇಕು ಅನ್ನುವುದು ಕೆರೆಯುತ್ತ ಕೆರೆಯುತ್ತ ತಲೆಯಲ್ಲಿ ಕೂತಿತು. ಆಮೇಲೆ ಕೈಯಿಂದ ಪೊರಕೆ ಹೋಯಿತು, ಬಾಗಿಲ ಹತ್ತಿರ ಒಂದು ಸ್ಟೂಲು ಬಂತು. ಅಲ್ಲಿ ನಾನು ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಎಲ್ಲರ ಬಾಯಲ್ಲೂ ಒಂದೇ ಮಾತು: "ಮಾವಶಿಗೆ ಕೇಳ್ರಿ."

ಮಾಲಕರಿಗೆ ಮಾವಶಿ ಸಾಕಾಯಿತು, ಕಂಪ್ಯೂಟರ್ ಬೇಕಾಯಿತು. ಕೊಲ್ಹಾಪುರದಿಂದ ನೋಡಲು ಬಂದದ್ದು ಯಾರು? ಒಂದು ಟ್ರಂಕು, ಆರು ನೋಟುಬುಕ್ಕು ಹಿಡಿದುಕೊಂಡು ನನ್ನ ಮೈದುನ! ನಾಲ್ಕು ತಿಂಗಳು ಊಟ, ವಸತಿ ನಮ್ಮ ಮನೆಯಲ್ಲೇ.

ಬಂದವನು ಮೊದಲು ಬಾಯ್ಲರಿನವನ ಬೆನ್ನು ಹತ್ತಿದ. ಗಂಜಿ ಹದವಾಗಿದ್ದು ಹೇಗೆ ತಿಳಿಯುತ್ತದೆ ಅಂತ ಕೇಳಿದರೆ ಅವನು, "ವಾಸನಿ ಬರ್ತದಲ್ರಿ" ಅಂದ. ಇವನು ಮೂರು ದಿನ ಹಂಡೆಯ ಮೇಲೆ ಮೂಗು ಚಾಚಿ ನಿಂತ. ನಾಲ್ಕನೆಯ ದಿನ ಬಾಯ್ಲರಿನವನು ಓಡಿ ಬಂದ. "ಮಾವಶಿ, ನಿಮ್ಮ ಮೈದುನಗ ಮನ್ಯಾಗ ಊಟಾ ಹಾಕ್ತೀರಿಲ್ಲೋ? ಇಂವ ನಮ್ಮ ಗಂಜಿ ಕುಡದಾನು!"

ಮಾಲಕರನ್ನೂ ಬಿಡಲಿಲ್ಲ. "ನಮ್ಮಲ್ಲಿ ಎಲ್ಲಾ ಪಾಳಿ ಪ್ರಕಾರ. ಮೊದಲ ಬಂದವರಿಗೆ ಮೊದಲ" ಅಂದರು ಅವರು. ಇವನು ತಿಂಗಳೊಪ್ಪತ್ತು ಬಾಗಿಲಲ್ಲಿ ಕೂತು ನೋಡಿ, ಎಲ್ಲರ ಎದುರಿಗೇ ಕೇಳಿದ: "ನಿಮ್ಮ ಷಡ್ಡಕರು ಕಡೀಕ ಬಂದ್ರೂ ಮೊದಲ ಹೋಗ್ತಾರಲ್ರಿ, ಇದಕ್ಕ ಬ್ಯಾರೆ ಪಾಳಿ ಬರೀಲೇನ್ರಿ?" ಮಾಲಕರ ಮುಖ ಆ ದಿನ ಬಾಯ್ಲರಿಗಿಂತ ಕಾದಿತ್ತು.

ಮನೆಯಲ್ಲಾದರೂ ಸುಮ್ಮನಿರುತ್ತಾನೆಯೇ? ನಾನು ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಪಕ್ಕ ನೋಟುಬುಕ್ಕು ಬಿಚ್ಚಿ ಕೂತ.

"ವೈನಿ, ಎಲ್ಲಾರಿಗೂ ಸಮ ನೀಡ್ತೀರೇನ್ರಿ?"

"ಮತ್ತೇನ? ನನ್ನ ಕೈಯಾಗ ಭೇದ ಇಲ್ಲ."

"ಹನ್ನೊಂದ ದಿನಾ ನೋಡೇನ್ರಿ. ಹಂಚು ಕಾಯೂದಕ್ಕಿಂತ ಮೊದಲ ಹಾಕಿದ ಒಡಕ ರೊಟ್ಟಿ ದಿನಾ ನನ್ನ ತಾಟಿಗೇ ಬರ್ತದ. ಉಬ್ಬಿದ್ದು ಅಣ್ಣಗ ಹೋಗ್ತದ."

"ರೊಟ್ಟಿ ತಿನ್ನಾಕ ಇರ್ತದೋ, ಎಣಿಸಾಕಲ್ಲ!" ಅಂದೆ. ಮರುದಿನವೂ ಒಡಕು ರೊಟ್ಟಿಯೇ ಹಾಕಿದೆ. ನನಗೂ ಹಟವಿತ್ತು.

ಕೊನೆಗೆ ನನ್ನ ಸ್ಟೂಲಿನ ಪಕ್ಕ ಬಂದು ಕೂತ. ಈ ಬೀಮು ಯಾಕೆ ಮೊದಲು, ಆ ಬೀಮು ಯಾಕೆ ಆಮೇಲೆ? ಗಡಹಿಂಗ್ಲಜದವರ ಲಾರಿ ವಾರಕ್ಕೊಮ್ಮೆ, ಅದಕ್ಕೇ ಮೊದಲು. ಯಡ್ರಾವದವರು ಕೂಗುತ್ತಾರೆ, ಆದರೆ ಅವರ ಹಳೆಯ ಬೀಮು ಇನ್ನೂ ಮಗ್ಗದ ಮೇಲಿರುತ್ತದೆ. ಹೀಗೆ ಹೇಳುತ್ತಾ ಹೇಳುತ್ತಾ ಒಂದು ದಿನ ನನ್ನ ನಾಲಿಗೆ ತಡೆಯಿತು.

"ಎಲ್ಲಾ ನಿನಗ ಹೇಳಿಬಿಟ್ರ ನಾಳೆ ನನ್ನ ಯಾರ ಕೇಳ್ತಾರೋ?"

ಅವನ ಪೆನ್ಸಿಲ್ ನಿಂತಿತು. ನನ್ನ ಮುಖ ನೋಡಿದ. ಆಮೇಲೆ, ಪುಣ್ಯಾತ್ಮ, ಅದನ್ನೂ ಬರೆದುಕೊಂಡ!

ನಾಲ್ಕನೆಯ ತಿಂಗಳಿಗೆ ಪರೀಕ್ಷೆಯ ವಾರ ಬಂತು. ನಾನು ಹೇಳಿದ್ದನ್ನು ಇವನು ಬರೆದು ಕೊಲ್ಹಾಪುರಕ್ಕೆ ಕಳಿಸುವುದು, ಅಲ್ಲಿಂದ ಕಂಪ್ಯೂಟರಿನ ಪಟ್ಟಿ ಬರುವುದು, ಪಟ್ಟಿ ನೋಡಿ ಲಾರಿ ತುಂಬುವುದು. ಆ ವಾರ ಮಾವಶಿಯನ್ನು ಯಾರೂ ಕೇಳಕೂಡದು, ಮಾವಶಿಯೂ ಬಾಯಿ ಹಾಕಕೂಡದು.

ಇವನದೊಂದು ನೇಮವಿತ್ತು: ಜನ ಆಡಿದ ಮಾತನ್ನು ತಿದ್ದಬಾರದು, ಆಡಿದ ಹಾಗೆಯೇ ಬರೆಯಬೇಕು. ನಾನು "ಗಡಹಿಂಗ್ಲಜದ್ದು ಪರವಾ" ಅಂದೆ. ಹಾಗೆಯೇ ಬರೆದ. ನಮ್ಮ ಕಡೆ ಕನ್ನಡದವರ ಬಾಯಲ್ಲೂ ಈ ಮರಾಠಿ ಮಾತೇ ಓಡಾಡುತ್ತದೆ. ಮೊನ್ನೆಗೂ ಪರವಾ, ನಾಡದ್ದಿಗೂ ಪರವಾ. ಎದುರಿಗೆ ನಿಂತವರಿಗೆ ಯಾವುದು ಅಂತ ತಿಳಿಯುತ್ತದೆ. ನಾನು ಹೇಳಿದ್ದು ನಾಡದ್ದು. ಕೊಲ್ಹಾಪುರದಲ್ಲಿ ಕೂತವರು ಮೊನ್ನೆ ಅಂದುಕೊಂಡರು. ಗಡಹಿಂಗ್ಲಜದ ಬೀಮುಗಳು ಮೊನ್ನೆಯೇ ಹೋಗಿವೆ ಅಂತ ಪಟ್ಟಿ ಬಂತು!

ಹೋಗಿವೆ ಅಂದಮೇಲೆ ಬಾಗಿಲಲ್ಲಿ ನಿಂತಿರುವವು ಯಾರವು? ಪಟ್ಟಿಯಲ್ಲಿ ಮುಂದಿನ ಹೆಸರಿನವರವು. ಹಾಗಂತ ಯಡ್ರಾವದವರ ಲಾರಿಗೆ ಹೇರಿದರು. ನಾನು ಲಾರಿಯಿಂದ ನಾಲ್ಕು ಮಾರು ದೂರದಲ್ಲಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ನಾನು ಅಂದಿದ್ದ ದಿನವೇ ಗಡಹಿಂಗ್ಲಜದ ಮುದುಕರು ಲಾರಿ ತಂದರು. ಹನ್ನೆರಡು ಮಗ್ಗ ಖಾಲಿ ನಿಲ್ಲಿಸಿ ಬಂದಿದ್ದರು.

"ನನ್ನ ಬೀಮ ಎಲ್ಲದಾವ್ರಿ?"

"ಕಾಗದದಾಗ ಮೊನ್ನೇನ ಹೋಗ್ಯಾವಲ್ರಿ" ಅಂದರು ಮಾಲಕರು.

"ಹಂಗಾರ ಕಾಗದಾನ ಕೊಡ್ರಿ, ಮಗ್ಗಕ್ಕ ಏರಸ್ತೀನಿ!"

ಮಾಲಕರು ತಿರುಗಿದರು. ಕೊಲ್ಹಾಪುರಕ್ಕೆ ಹೋದ ಕಾಗದದಲ್ಲಿ ಬರೀ ಪರವಾ ಅಂತಿತ್ತು. ಹಾಗೆ ಅಂದದ್ದು ಯಾರು? ಎಲ್ಲರೂ ನನ್ನ ಕಡೆ ನೋಡಿದರು.

"ಮಾವಶಿ, ಲಾರಿ ತುಂಬೂಮುಂದ ನೀವ ಅಲ್ಲೇ ಇದ್ರಿ. ಕಣ್ಣಿಗೆ ಬೀಳಲಿಲ್ಲೇನು? ಹೇಳ್ರಿ, ಇಲ್ಲಾಂದ್ರ ನಾಳಿಂದ ಬರಬ್ಯಾಡ್ರಿ."

ಮೈದುನ ಮುಂದೆ ಬಂದ.

"ಬಾಯಿ ಹಾಕಬಾರದು ಅಂತ ಅವರಿಗೆ ನಾನ ಹೇಳಿದ್ದೆ ರೀ. ಪರವಾ ಅಂದ್ರ ಯಾವತ್ತು ಅಂತ ಕೇಳೂದು ನನ್ನ ಕೆಲಸ. ನಾಕ ತಿಂಗಳದಾಗ ಎಲ್ಲಾ ಕೇಳಿ ಅದೊಂದ ಕೇಳಲಿಲ್ಲ. ತಪ್ಪು ನಂದು."

ನಾಳೆಯ ಮೊದಲ ಬಸ್ಸಿಗೆ ಕೊಲ್ಹಾಪುರ ಸೇರಿಕೋ ಅಂದರು ಮಾಲಕರು. ಕಂಪ್ಯೂಟರಿನ ಮಾತು ಅಲ್ಲಿಗೆ ಮುಗಿಯಿತು. ಸ್ಟೂಲು ನನಗೇ ಉಳಿಯಿತು.

ಸಂಜೆ ಅವನು ಟ್ರಂಕು ತುಂಬುತ್ತಿದ್ದ. ಒಂದು ನೋಟುಬುಕ್ಕು ಬಿಚ್ಚಿ ಬಿದ್ದಿತ್ತು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಲಾರಿ ತುಂಬಿದ ದಿನದ ಪುಟ. "ವೈನಿ ಲಾರಿ ನೋಡಿದರು. ಸೆರಗಿನ ತುದಿ ಬಾಯಿಗೆ ಹಿಡಿದರು. ನನ್ನ ಕಡೆ ನೋಡಲಿಲ್ಲ." ಅದರ ಕೆಳಗೆ ಏನೂ ಇಲ್ಲ.

ನಾನು ನೋಡಿದ್ದನ್ನೇ ಅವನೂ ನೋಡಿದ್ದ. ಆ ಬೀಮುಗಳು ಯಾರವು ಅಂತ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಗಿತ್ತು.

"ನಾ ನೋಡಿ ಸುಮ್ಮನಿದ್ದದ್ದು ಮಾಲಕರ ಮುಂದ ಯಾಕ ಹೇಳಲಿಲ್ಲೋ?"

"ನೀವ್ಯಾಕ ಸುಮ್ಮನಿದ್ರಿ ಅಂತ ನೀವ ಮೊದಲ ಹೇಳಿದ್ರಲ್ರಿ, ವೈನಿ. ನಾಳೆ ನನ್ನ ಯಾರ ಕೇಳ್ತಾರ ಅಂತ. ಬರಕೊಂಡೇನಿ." ಟ್ರಂಕಿನ ಚಿಲಕ ಕೂಡುತ್ತಿರಲಿಲ್ಲ, ಮೊಣಕಾಲು ಊರಿ ಒತ್ತುತ್ತಿದ್ದ. ನಾನೂ ಒಂದು ಕೈ ಹಾಕಿ ಒತ್ತಿದೆ.

ಮರುದಿನ ಬೆಳಿಗ್ಗೆ ಎಂದಿಗಿಂತ ಬೇಗ ಒಲೆ ಹಚ್ಚಿದೆ. ಮೊದಲ ರೊಟ್ಟಿ ಒಡೆಯಿತು. ಅದನ್ನು ತೆಗೆದು ನನ್ನ ತಾಟಿಗೆ ಹಾಕಿಕೊಂಡೆ. ಹಂಚು ಚೆನ್ನಾಗಿ ಕಾಯಲು ಬಿಟ್ಟು, ಎರಡನೆಯದು ಪೂರ್ತಿ ಉಬ್ಬಿದ ಮೇಲೆ ಅವನ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟೆ. ಅವನು ತನ್ನ ತಾಟು ನೋಡಿದ, ನನ್ನ ತಾಟು ನೋಡಿದ. ಕೈ ಜೇಬಿನ ಪೆನ್ಸಿಲ್ಲಿಗೆ ಹೋಯಿತು.

"ಬರಕೋಬ್ಯಾಡ" ಅಂದೆ. "ಆರತದ, ತಿನ್ನು."